ಇಬ್ಬರ ಉಸಿರಿನ ಕೊಳಲು

ಒಂದು ಹಾಡನ್ನು ಊದಲು ಒಬ್ಬ ವಾದಕ ಸಾಲನೆಂದರೆ ವಾಚಕರು ನಂಬುವಿರಾ? ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಸುತ್ತ ವಾಸಿಸುವ ಐಮಾರಾ ಜನರ ‘ಸಿಕು’ ಅಂಥ ವಾದ್ಯ. ಉದ್ದ-ಗಿಡ್ಡ ಜೊಂಡಿನ ಕೊಳವೆಗಳನ್ನು ಸಾಲಾಗಿ ಕಟ್ಟಿದ ಇದಕ್ಕೆ ಬೆರಳಿಡುವ ರಂಧ್ರಗಳಿಲ್ಲ, ಕೊಳವೆಗೊಂದೇ ಸ್ವರ. ಆ ಸ್ವರಗಳೂ ಎರಡು ಕೊಳಲುಗಳಿಗೆ ಹಂಚಿಹೋಗಿವೆ. ಸಾಮಾನ್ಯವಾಗಿ 6 ಕೊಳವೆಗಳ ‘ಇರಾ’ ಮುಂದಾಳು, 7 ಕೊಳವೆಗಳ ‘ಅರ್ಕಾ’ ಹಿಂಬಾಲಕ. ಒಬ್ಬನು ಬಿಟ್ಟ ಸ್ವರವನ್ನು ಇನ್ನೊಬ್ಬನು ತುಂಬಿದರೇ ಹಾಡು.

ಪೆರುವಿನ ಪ್ರಾಚೀನ ನಾಸ್ಕಾ ಜನರು ಇಂಥ ಕೊಳಲುಗಳನ್ನು ಸುಟ್ಟ ಮಣ್ಣಿನಿಂದಲೂ ಮಾಡಿದ್ದರು. 1532ರಲ್ಲಿ ಸ್ಪೇನಿನವರು ಇಂಕಾ ಅರಸ ಅಟಾವಾಲ್ಪನನ್ನು ಸೆರೆಹಿಡಿದರು; ಸಾಮ್ರಾಜ್ಯ ಅಳಿಯಿತು, ಸಿಕು ಅಳಿಯಲಿಲ್ಲ. ಹೊಸ ಮತದ ಹಬ್ಬಗಳಲ್ಲೇ ಅದು ನೆಲೆ ಕಂಡಿತು. ಪೂನೋ ನಗರದ ಕಂಡೆಲಾರಿಯಾ ಉತ್ಸವವನ್ನು 2014ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯೆಂದು ಗುರುತಿಸಿತು. ಅಲ್ಲಿ ಫೆಬ್ರವರಿಯಲ್ಲಿ ಸಿಕು ಮೇಳಗಳು ಬೀದಿ ತುಂಬುತ್ತವೆ. ಒಬ್ಬನ ಉಸಿರಿಗೆ ಇನ್ನೊಬ್ಬನ ಉಸಿರು ಇಂದಿಗೂ ಜೊತೆಯಾಗುತ್ತದೆ.