ರಮಣಮೂರ್ತಿಯ ವಠಾರದಾಗ ನಮಗ ಖೋಲಿ ಇಲ್ಲ

ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಹತ್ತಿರ ಆಲದ ನೆರಳಿಗೆ ಕೂತು ಸಿನಿಮಾದ ಮಾತು ತೆಗೆದರೆ, ಮಂದಿ ಮೊದಲು ರಾಯಣ್ಣನ ಸಿನಿಮಾದ ಸುದ್ದಿಯನ್ನೇ ಎತ್ತುತ್ತಾರೆ. 1831ರ ಜನವರಿಯಲ್ಲಿ ಇಂಗ್ಲಿಷರು ಅವನನ್ನು ಗಲ್ಲಿಗೇರಿಸಿದ್ದು ಇದೇ ಊರಲ್ಲಿ. 1961ರಲ್ಲಿ ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂತು. 2012ರಲ್ಲಿ ದರ್ಶನ್ ರಾಯಣ್ಣನ ವೇಷ ಹಾಕಿದರು. ಕತ್ತಿ ಹಿಡಿದು ಸಾಯುವುದಕ್ಕೆ ನಮ್ಮ ಸೀಮೆ ಸಿನಿಮಾದವರಿಗೆ ಬೇಕು. ಮನೆಯೊಳಗೆ ಕೂತು ನಗುವುದಕ್ಕೆ?

1990ರಲ್ಲಿ ಫಣಿ ರಾಮಚಂದ್ರ 'ಗಣೇಶನ ಮದುವೆ' ತೆಗೆದರು. ರಮಣಮೂರ್ತಿ ಎಂಬ ಮಾಲೀಕನ ವಠಾರ. ಅಲ್ಲಿ ಬಾಡಿಗೆಗಿರುವ ಗಣೇಶನಿಗೂ ಆದಿಲಕ್ಷ್ಮಿಗೂ ಎದುರಾದರೆ ಸಾಕು, ಜಗಳ. ಕಾಗದದಲ್ಲಿ ಮಾತ್ರ ಆತ ವೈ.ಜಿ. ರಾವ್, ಆಕೆ ಶ್ರುತಿ. ಯಾರೆಂದು ತಿಳಿಯದೆ ಒಬ್ಬರಿಗೊಬ್ಬರು ಮನಸೋಲುತ್ತಾರೆ. ಸುಳ್ಳು ಯಾಕ ಹೇಳಬೇಕು, ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅನಂತನಾಗ್, ಮುಖ್ಯಮಂತ್ರಿ ಚಂದ್ರು ಇಬ್ಬರೂ ಭಾರಿ ನಟರು. ಚಿತ್ರ ನಮ್ಮನ್ನು ಹೀಯಾಳಿಸುವುದೂ ಇಲ್ಲ. ಹೀಯಾಳಿಸಿದ್ದರೆ ಜಗಳ ತೆಗೆಯಬಹುದಿತ್ತು. ಅಲ್ಲಿ ನಾವೇ ಇಲ್ಲ. ನಮ್ಮ ಮಾತೂ ಇಲ್ಲ, ಇರುವುದು ಬೆಂಗಳೂರ ಕಡೆಯ ಕನ್ನಡ.

ವಠಾರ ಅಂದರೆ ಏನು? ಒಂದು ಅಂಗಳ, ಒಂದು ನಲ್ಲಿ, ಸಾಲು ಮನೆ. ನೀರು ಒಂದೇ ಆದ್ದರಿಂದಲೇ ಅಲ್ಲಿ ಬಾಡಿಗೆಗಿಂತ ಮೊದಲು ಜಾತಿ ಕೇಳುತ್ತಾರೆ. ಅಸ್ಪೃಶ್ಯನೆಂದು ಮನೆ ತಪ್ಪಿಸುವುದು ಅಪರಾಧ ಎಂದು 1955ರಲ್ಲೇ ಕಾನೂನಾಗಿದೆ. ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 1990ರ ಜನವರಿ 30ಕ್ಕೆ, ಈ ಚಿತ್ರ ಬಂದ ವರ್ಷವೇ. ಆ ಕಾಲದಲ್ಲಿ ನಮ್ಮ ಗೆಳೆಯನೊಬ್ಬ ಕಾಲೇಜಿಗೆಂದು ಬೆಳಗಾವಿಗೆ ಹೋಗಿ ಖೋಲಿ ಹುಡುಕಿದ. ಮಾಲಕರು ಚಹಾ ಕೊಟ್ಟರು. "ಹೆಸರಾತು, ಅಡ್ಡಹೆಸರು ಏನಪಾ?" ಅಂದರು. ಹೇಳಿದ. "ಅಯ್ಯ ತಮ್ಮಾ, ಖೋಲಿ ನಿನ್ನೇನ ಹೋತಲ್ಲ!" ಬಾಡಿಗೆಗಿದೆ ಎಂಬ ಫಲಕ ಮುಂದಿನ ತಿಂಗಳವರೆಗೂ ಅಲ್ಲೇ ತೂಗುತ್ತಿತ್ತು. ಇನ್ನೊಂದು ಕಡೆ ಅಡ್ಡಹೆಸರು ಬದಲಿಸಿ ಹೇಳಿ ಒಳಗೆ ಸೇರಿಕೊಂಡ. ಗೊತ್ತಾದ ದಿನ ಅವನ ಟ್ರಂಕು ಬೀದಿಗೆ ಬಂತು. ಗಣೇಶನ ನಿಜವಾದ ಹೆಸರು ಹೊರಬಿದ್ದಾಗ ಮದುವೆಯಾಗುತ್ತದೆ. ಎರಡು ಹೆಸರಿಟ್ಟುಕೊಂಡು ಆಟ ಆಡಲಿಕ್ಕೆ ಎರಡೂ ಒಂದೇ ಓಣಿಯ ಹೆಸರಾಗಿರಬೇಕು.

ಹಾಗೆಂದು ನಾವು ತೆರೆಗೆ ಬಂದೇ ಇಲ್ಲವೆ? ಬಂದಿದ್ದೇವೆ. 1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು, ಸ್ವರ್ಣಕಮಲವನ್ನೂ ಪಡೆಯಿತು. ಅಲ್ಲಿ ಹೊಲೆಯರ ಚೋಮ ಮಕ್ಕಳನ್ನು ಕಳೆದುಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ನಮ್ಮ ಉತ್ತರದ ಸೀಮೆ 'ಸಂತ ಶಿಶುನಾಳ ಷರೀಫ'ದಲ್ಲಿ ಬಂತು, ಅದೂ 1990ರದೇ. ದೊಡ್ಡ ಚಿತ್ರಗಳು, ತಕರಾರಿಲ್ಲ. ಆದರೆ ವೀರ, ಸಂತ, ದುಃಖಿ ಈ ಮೂವರನ್ನು ಬಿಟ್ಟರೆ, ಬಾಡಿಗೆ ಬಾಕಿ ಉಳಿಸಿಕೊಂಡು ಮಾಲಕನ ಕಣ್ಣು ತಪ್ಪಿಸಿ ಓಡಾಡುವ ಒಬ್ಬ ಸಾಧಾರಣ ಹೊಲೆಯ, ಮಾದಿಗ, ಸಿದ್ದಿ ಎಲ್ಲಿದ್ದಾನೆ?

ನಗೆಯೇನೂ ನಮಗೆ ಕಡಿಮೆಯಿಲ್ಲ. ಈ ಊರಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಬಜಾರದಲ್ಲಿ ಕಲೆಯುತ್ತವೆ. ನಮ್ಮವ್ವ ಸಂತಿ ಮುಗಿಸಿ ಬಂದು ಬುಟ್ಟಿ ಇಳಿಸಿ, ಮರಾಠಿ ವ್ಯಾಪಾರಿಯ ಚೌಕಾಸಿ, ಬಳೆ ಮಾರುವ ಸಾಬರ ಮುದುಕಿಯ ಬೈಗುಳ ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. ರೊಟ್ಟಿ ಹೊತ್ತಿದ ವಾಸನೆ ಬರುವವರೆಗೆ ಕೇರಿಯ ಹೆಂಗಸರು ಅಲ್ಲಿಂದ ಏಳುತ್ತಿರಲಿಲ್ಲ.