ಹೆಸರಘಟ್ಟದ ನೀರು

ಬೆಂಗಳೂರಿನ ಮನೆಗಳಿಗೆ ಮೊದಲು ನಲ್ಲಿ ನೀರು ಕೊಟ್ಟ ಊರು ಹೆಸರಘಟ್ಟ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ಹೊಳೆಗೆ ಅಡ್ಡಲಾಗಿ ಇಲ್ಲಿಯ ಕೆರೆ ಕಟ್ಟಿದರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಸೋಲದೇವನಹಳ್ಳಿವರೆಗೆ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಉಗಿಯಂತ್ರಗಳು ಅದನ್ನು ಗುಡ್ಡಕ್ಕೆ ಎತ್ತಿ ಬೆಂಗಳೂರಿಗೆ ಕಳಿಸುತ್ತಿದ್ದವು. ಕೆರೆ ತುಂಬಿದರೆ ನೀರು ನಿಲ್ಲುವುದು ಸುಮಾರು ಸಾವಿರ ಎಕರೆಯಲ್ಲಿ. ಈಗ ಹೆಚ್ಚಿನ ವರ್ಷಗಳಲ್ಲಿ ಏರಿಯ ಮೇಲಿಂದ ಕಾಣುವುದು ಹುಲ್ಲು, ಜಾಲಿ, ಮೇಯುವ ದನ.

ಮಳೆ ಕಡಿಮೆಯಾಯಿತು, ಅದಕ್ಕೇ ಕೆರೆ ಬತ್ತಿತು ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಲೆಕ್ಕ ಹಾಗಿಲ್ಲ. ಅರ್ಕಾವತಿ ಏಕೆ ಬತ್ತಿತು ಎಂದು ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಹೊಳೆ ಬತ್ತುವಷ್ಟು ಮಳೆ ಇಳಿದಿಲ್ಲ, ಬದಲಾದದ್ದು ಮಳೆ ಬೀಳುವ ನೆಲ ಎಂಬುದು ಅವರು ಕಂಡದ್ದು.

ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಹಾದು ಇಲ್ಲಿಗೆ ಬರುತ್ತದೆ. ದಾರಿಯುದ್ದಕ್ಕೂ ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು. ಸುತ್ತ ರಾಗಿ, ಅವರೆ, ಹುರುಳಿಯ ಹೊಲಗಳು. ಜೋರು ಮಳೆಗೆ ಹೊಲದ ನೀರು ಹಳ್ಳಕ್ಕಿಳಿಯುತ್ತಿತ್ತು, ಭೂಮಿಗೆ ಇಂಗಿದ ನೀರು ಮಳೆಗಾಲ ಕಳೆದ ಮೇಲೂ ಒರತೆಯಾಗಿ ಹಳ್ಳದ ಮರಳಿನಲ್ಲಿ ಜಿನುಗುತ್ತಿತ್ತು. ಬಯಲುಸೀಮೆಯ ಹೊಳೆಯನ್ನು ಬೇಸಿಗೆಯ ತನಕ ಬದುಕಿಸುತ್ತಿದ್ದದ್ದು ಈ ಒರತೆಯೇ.

1980ರ ದಶಕದಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ಬಂತು. ರೈತರನ್ನು ದೂರಿ ಫಲವಿಲ್ಲ. ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಹೋದರು, ಕಳೆ ಕೀಳಲು ಆಳು ಸಿಗಲಿಲ್ಲ. ನೀಲಗಿರಿಗೆ ಬೇಲಿ ಬೇಡ, ದನ ಬಾಯಿ ಹಾಕುವುದಿಲ್ಲ, ಒಮ್ಮೆ ನೆಟ್ಟರೆ ಕೆಲವು ವರ್ಷಕ್ಕೊಮ್ಮೆ ಕಡಿದು ಮಾರಬಹುದು, ಕೂಳೆ ಮತ್ತೆ ಚಿಗುರುತ್ತದೆ. ಸರ್ಕಾರವೇ ಸಸಿ ಕೊಟ್ಟು ನೆಡಿಸಿತು. ಆದರೆ ರಾಗಿ ಕೆಲವೇ ತಿಂಗಳು ನೀರು ಕುಡಿದು ಕಟಾವಾಗುತ್ತದೆ. ನೀಲಗಿರಿ ವರ್ಷವಿಡೀ ಕುಡಿಯುತ್ತದೆ, ಬೇರು ಆಳಕ್ಕೆ ಇಳಿಸಿ ಕುಡಿಯುತ್ತದೆ. ಅದರ ಜೊತೆಗೇ ಕೊಳವೆಬಾವಿಗಳೂ ಬಂದವು. ಮೊದಲು ತೆರೆದ ಬಾವಿಗಳು ಒಣಗಿದವು, ಆಮೇಲೆ ಒರತೆ ನಿಂತಿತು. ಈಗ ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಒಣಗಿದ ನೆಲ ಬಿದ್ದ ಮಳೆಯನ್ನೆಲ್ಲ ಒಳಗೇ ಎಳೆದುಕೊಂಡರೆ ಹಳ್ಳಕ್ಕೆ ಉಳಿಯುವುದೇನು? ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ತಡವಾಗಿತ್ತು.

ಅಲ್ಪಸ್ವಲ್ಪ ಬರುವ ನೀರೂ ಶುದ್ಧವಲ್ಲ. ದೊಡ್ಡಬಳ್ಳಾಪುರದ ಚರಂಡಿ ನೀರು, ಕೈಗಾರಿಕೆಗಳ ಕೊಳಕು ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಸೇರಿ ಆ ಊರುಗಳ ಜನ ಬೀದಿಗಿಳಿದು ಹೋರಾಡಬೇಕಾಯಿತು. ಅದೂ ಇದೇ ಹೊಳೆಯ ದಾರಿ. ತುಂಬು ಹೊಳೆಯಿದ್ದರೆ ಕೊಳೆ ತೆಳುವಾಗುತ್ತದೆ. ಬತ್ತಿದ ಹೊಳೆಯಲ್ಲಿ ಹರಿಯುವುದೇ ಕೊಳೆ. ಕೆಳಗಿನ ತಿಪ್ಪಗೊಂಡನಹಳ್ಳಿಯನ್ನು ನೋಡಿ: ಹೆಸರಘಟ್ಟ ಸಾಲದೆಂದು 1933ರಲ್ಲಿ ಕಟ್ಟಿದ ಆ ಜಲಾಶಯದಿಂದ ಬೆಂಗಳೂರಿಗೆ ನೀರು ಕೊಡುವುದನ್ನು 2012ರಲ್ಲಿ ನಿಲ್ಲಿಸಬೇಕಾಯಿತು. ಮಾಲಿನ್ಯವೇ ಕಾರಣ.

ಹೆಸರಘಟ್ಟ ಕೆರೆಯ ಪಕ್ಕದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ದೂರದಿಂದ ಸೆಳೆವ (ಹ್ಯಾರಿಯರ್) ಹಕ್ಕಿಗಳು ಬರುತ್ತವೆ. ಬರಡು ಜಾಗವೆಂದು ಕಟ್ಟಡಕ್ಕೆ ಬಿಟ್ಟುಕೊಡಲು ಹೊರಟದ್ದೂ ಇದೇ ಹುಲ್ಲುಗಾವಲನ್ನು. ಮಳೆ ನೀರು ನೆಲಕ್ಕಿಳಿಯುವ ಜಾಗವನ್ನು ಬರಡು ಎನ್ನುವುದು ತಪ್ಪು.

ಈ ಕೆರೆಯ ಮಾತು ಬಂದಾಗಲೆಲ್ಲ ಹೂಳೆತ್ತುವ ಯೋಜನೆಯೇ ಮುಂದೆ ಬರುತ್ತದೆ. ಹೂಳು ತೆಗೆಯಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮುಂಚೆ ದೊಡ್ಡಬಳ್ಳಾಪುರದ ಕೊಳಚೆ ಶುದ್ಧವಾಗಲಿ. ನೀಲಗಿರಿಯ ಕೂಳೆ ಕಿತ್ತು ಮತ್ತೆ ರಾಗಿ ಬಿತ್ತುವ ರೈತನಿಗೆ ಸರ್ಕಾರ ದುಡ್ಡು ಕೊಡಲಿ. ಅಂದು ಸಸಿ ಕೊಟ್ಟ ಸರ್ಕಾರಕ್ಕೆ ಈ ಹೊಣೆಯೂ ಇದೆ.