ಕೌಂಡಿನ್ಯರ ಸಾಕ್ಷಿ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ತನ್ನ ಸೆಮಿನರಿಗೆ ಸೇರಬಯಸಿದವನಿಂದ ಸ್ವಹಸ್ತದ ಆತ್ಮಿಕ ಜೀವನವೃತ್ತಾಂತವನ್ನು ಕೇಳುತ್ತಿತ್ತು. ಪಯಟಿಸ್ಟ್ ಪರಂಪರೆಯ ಈ ಪದ್ಧತಿಯಲ್ಲಿ ಅಪಾಯವೂ ಇತ್ತು: ಪಾಪಬೋಧೆ, ಹೋರಾಟ, ಸಮಾಧಾನ ಎಂಬ ಕ್ರಮವು ಕಂಠಪಾಠವಾಗಬಹುದು.

1844ರಲ್ಲಿ ಮೋಗ್ಲಿಂಗರ ಶಿಷ್ಯರಾದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎನಿಸಿಕೊಂಡಾಗ ಮಂಗಳೂರು ಕ್ಷೋಭೆಗೊಂಡಿತು. ಅವರ ಸಾಕ್ಷಿಗೆ ಜಾತಿ, ಬಂಧುಗಳ ನಷ್ಟವೇ ಬೆಲೆಯಾಯಿತು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಮರಳಿದ ಅವರು ಬೋಧಕರಾಗಿ ಸೇವೆಗೈದರು.

ಅಪೊಸ್ತಲರ ಕೃತ್ಯಗಳ 9, 22, 26ನೆಯ ಅಧ್ಯಾಯಗಳಲ್ಲಿ ಪೌಲನ ಪರಿವರ್ತನೆ ಮೂರು ಸಲ ಬರುತ್ತದೆ. ಅವನೇ ಹೇಳುವಾಗ ಕೇಳುಗರಿಗೆ ತಕ್ಕಂತೆ ಒತ್ತು ಬದಲಾಗುತ್ತದೆ, ಕರ್ತನು ಬದಲಾಗುವುದಿಲ್ಲ. ಆದುದರಿಂದ ಸಭೆಯಲ್ಲಿ ಸಾಕ್ಷಿಯನ್ನು ಆಲಿಸುವ ನಾವು ಕಥನದ ಸೊಗಸನ್ನಲ್ಲ, ಅದರ ಹಿಂದಿನ ವಿಧೇಯತೆಯನ್ನು ಪರೀಕ್ಷಿಸತಕ್ಕದ್ದು.